ಎಕ್ಸ್‌ಪೈರಿ ದಾಟಿದ ಗಂಡನಿಗೆ

ಅಂಗಡಿ ಮೇಲಿನ ಮನೆ,
ಸೋಮವಾರ, ಮಾರ್ಚ್ ೧೦, ಮಧ್ಯಾಹ್ನ

ರೀ,

ಪ್ರೀತಿಯ ಅಂತ ಶುರು ಮಾಡೋಕೆ ಕೈ ಬರಲಿಲ್ಲ, ಅದಕ್ಕೇ ಮನೇಲಿ ಕರೆಯೋ ಹಾಗೇ ಕರೆದಿದ್ದೀನಿ. ಹೇಗಿದ್ದೀರಿ? ಇದು ಬಾಯಿಮಾತಿನ ಕುಶಲ ವಿಚಾರಣೆ ಅಲ್ಲ, ಒಂದೊಂದಕ್ಕೂ ಸರಿಯಾದ ಉತ್ತರ ಬೇಕು. ಊಟ ಸೇರ್ತಿದೆಯಾ? ಬಲಗಡೆ ಪಕ್ಕೆಲುಬಿನ ಕೆಳಗೆ, ಹೊಲಿಗೆ ಹಾಕಿದ ಜಾಗದಲ್ಲಿ, ಮೊದಲಿನ ಥರ ಹಿಡ್ಕೊಳ್ಳುತ್ತಾ? ಕಿಟಕಿ ಬೆಳಕಲ್ಲಿ ನಿಂತು ಕನ್ನಡೀಲಿ ಕಣ್ಣಿನ ಬಿಳಿ ನೋಡ್ಕೊಳ್ಳಿ, ಹಳದಿ ತಿರುಗಿದೆಯಾ ಅಂತ. ನಿಮ್ಮಕ್ಕನ್ನ ಕೇಳಬೇಡಿ. ತಮ್ಮ ಹಳದಿಯಾದ್ರೆ ಬಂಗಾರ ಆದ ಅಂತ ಹೇಳೋ ಪೈಕಿ ಅವರು. ಕಾಲು ಊದ್ಕೊಂಡಿದ್ರೆ ಚಪ್ಪಲಿ ಪಟ್ಟಿಯ ಗುರುತು ಚರ್ಮದ ಮೇಲೆ ಉಳಿಯುತ್ತೆ, ಅದನ್ನೂ ನೋಡಿ. ನಾನು ಚೆನ್ನಾಗಿದ್ದೀನಿ. ಮಂಡಿ ನೋವು ಇದ್ದ ಹಾಗೇ ಇದೆ, ಬಿಪಿ ನಿಮ್ಮ ಕೃಪೆಯಿಂದ ಏರ್ತಾ ಇದೆ.

ಕಾಗದ ಯಾಕೆ ಬರೀತಿದ್ದಾಳೆ, ಫೋನ್ ಇಲ್ಲವಾ ಅಂತ ಕೇಳ್ತೀರಾ? ನಿಮ್ಮ ಫೋನ್ ಸ್ವಿಚ್ ಆಫ್. ನಿಮ್ಮಕ್ಕನ ಫೋನಿಗೆ ಮಾಡಿದ್ರೆ ಬೆಳಗ್ಗೆ "ಮಲಗಿದ್ದಾನಮ್ಮ", ಮಧ್ಯಾಹ್ನ "ಈಗತಾನೇ ಮಲಗಿದ", ಸಂಜೆ "ವಾಕಿಂಗ್ ಹೋಗಿದ್ದಾನೆ". ಶನಿವಾರದಿಂದ ಇದೇ ಪಾಠ. ಮನುಷ್ಯ ಅಷ್ಟೊಂದು ಮಲಗಿ ಅಷ್ಟೊಂದು ನಡೆಯೋದು ಹೇಗೆ ಅಂತ ಕೇಳಿದ್ದಕ್ಕೆ ಅತ್ತಿಗೆಗೆ ಸಿಟ್ಟು ಬಂತು. ಬರಲಿ. ಹೋದ ಬುಧವಾರ ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನಾನು ಪಟ್ಟ ಪಾಡು ಅವರಿಗೇನು ಗೊತ್ತು. ಏಳು ತಿಂಗಳಿಂದ ತಪಾಸಣೆಗೆ ಹೋಗಿರಲಿಲ್ಲ ನೀವು. ಚಿಕ್ಕ ಮಕ್ಕಳನ್ನ ಇಂಜೆಕ್ಷನ್ನಿಗೆ ಎಳ್ಕೊಂಡು ಹೋದ ಹಾಗೆ ಎಳ್ಕೊಂಡು ಹೋದೆ. ರಕ್ತ ಕೊಟ್ರಿ, ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು "ಒಂದು ಟೀ ಕುಡ್ಕೊಂಡು ಬರ್ತೀನಿ" ಅಂದ್ರಿ. ನಾನು ಆ ಬೆಂಚಿನ ಮೇಲೆ ಕೂತೆ, ಕೂತೇ ಇದ್ದೆ. ಟೀ ಎಲ್ಲಿ ಕುಡಿದ್ರಿ ರೀ? ನಿಮ್ಮಕ್ಕನ ಊರಲ್ಲಿ! ರಿಪೋರ್ಟ್ ಬರೋ ಮೊದಲೇ ಬಸ್ ಹತ್ತಿ, ಹೆಂಡತೀನ ಬೆಂಚಿನ ಮೇಲೆ ಕೂರಿಸಿ ಹೋದ ಗಂಡಸು ಈ ಭೂಮಿ ಮೇಲೆ ನೀವೊಬ್ಬರೇ ಇರಬೇಕು. ನರ್ಸು ಬಂದು "ನಿಮ್ಮವರು ಎಲ್ಲಿ" ಅಂತ ಕೇಳಿದಾಗ ನಾನು ಯಾವ ಮುಖ ಇಟ್ಕೊಂಡು ಉತ್ತರ ಹೇಳಲಿ?

ಇರಲಿ. ಇವತ್ತು ಎಲ್ಲಾ ಬರೆದೇ ಬರೀತೀನಿ. ಎದುರಿಗಿದ್ರೆ ಪೇಪರ್ ಅಡ್ಡ ಹಿಡ್ಕೊಳ್ತಿದ್ರಿ, ಇಲ್ಲಾ ಕೆಳಗೆ ಹೋಗಿಬಿಡ್ತಿದ್ರಿ. ಈಗ ಕೆಳಗೆ ಹೋಗೋಕೂ ನಿಮಗೆ ಅಂಗಡಿ ಇಲ್ಲ.

ಮೂರು ವರ್ಷದ ಹಿಂದಿನ ಮಾತಿಂದ ಶುರು ಮಾಡ್ತೀನಿ, ಯಾಕಂದ್ರೆ ನೀವು ಕೆಟ್ಟಿದ್ದು ಅಲ್ಲೇ. ಲಿವರಿನಲ್ಲಿ ಗಡ್ಡೆ ಅಂತ ಗೊತ್ತಾದ ದಿನ ನೀವು ಧೈರ್ಯವಾಗೇ ಇದ್ರಿ, ಸುಳ್ಳು ಹೇಳಲ್ಲ. ಲಿವರ್ ಅಂದ ತಕ್ಷಣ ಬೀದಿಯವರೆಲ್ಲಾ ಕುಡಿತ ಅಂದ್ಕೊಂಡು ನನ್ನ ಕಡೆ ಅಯ್ಯೋ ಪಾಪ ಅನ್ನೋ ಥರ ನೋಡಿದಾಗ, ಬಾಗಿಲಲ್ಲಿ ನಿಂತು "ಚಿಕ್ಕಂದಿನಲ್ಲಿ ಬಂದ ಕಾಮಾಲೆ ವೈರಸ್ಸು ಒಳಗೇ ಉಳ್ಕೊಂಡಿತ್ತು ಕಣ್ರೀ, ನಾನು ಸೋಡಾ ಕೂಡ ಕುಡಿದೋನಲ್ಲ" ಅಂತ ಸಾರಿದ್ರಿ. ಆಪರೇಷನ್ ಚೆನ್ನಾಗೇ ಆಯ್ತು. ಗಡ್ಡೆ ಪೂರ್ತಿ ತೆಗೆದಿದ್ದೀವಿ ಅಂತ ಸರ್ಜನ್ ಹೇಳಿದ್ರು. ಅಲ್ಲಿಗೆ ಎದ್ದು ಬಂದಿದ್ರೆ ನಮ್ಮ ಸಂಸಾರ ಉಳೀತಿತ್ತು. ಇಲ್ಲ, ನಿಮಗೆ ಇನ್ನೂ ತಿಳ್ಕೊಳ್ಳಬೇಕಿತ್ತು. ಚಿಕ್ಕ ಡಾಕ್ಟರಮ್ಮ ಒಂದು ಸಂಶೋಧನೆ ಮಾಡ್ತಿದ್ದಾಳೆ, ಗಡ್ಡೆಯ ಚೂರು ಕೊಡೋಕೆ ಒಪ್ಪಿಗೆ ಇದೆಯಾ ಅಂದ್ರು. ನೀವು ಕೊಟ್ಟಿದ್ದಲ್ಲದೆ, ಫಲಿತಾಂಶ ನನಗೂ ಹೇಳಬೇಕು ಅಂತ ಹಠ ಹಿಡಿದ್ರಿ. ಔಷಧಿ ಅಂಗಡಿಯವನು ನಾನು, ನನಗೆಲ್ಲಾ ಅರ್ಥ ಆಗುತ್ತೆ ಅನ್ನೋ ಜಂಬ.

ಆ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಪ್ಲಾಸ್ಟಿಕ್ಕಿನ ಲಿವರನ್ನ ಪೇಪರ್ ಹಾರದ ಹಾಗೆ ಮೇಲೆ ಇಟ್ಕೊಂಡಿದ್ದಳು ಆ ಹುಡುಗಿ, ಎಸಿ ತಣ್ಣಗೆ ಕೊರೀತಿತ್ತು. ನಿಮ್ಮ ಗಡ್ಡೆಯ ಚೂರನ್ನ ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆಚ್ಚಿ, ಗಾಜಿನ ಮೇಲೆ ಹಾಕಿ ಬಣ್ಣ ಹಚ್ಚಿದ್ರಂತೆ. ಯಾವ ಪ್ರೋಟೀನ್ ಎಷ್ಟಿದೆಯೋ ಅಷ್ಟು ಗಾಢವಾಗಿ ಕಂದು ಬರುತ್ತಂತೆ. ಒಂದಷ್ಟು ಪ್ರೋಟೀನುಗಳನ್ನ ಹೀಗೆ ನೋಡಿ, ಯಾವುದು ಜಾಸ್ತಿ ಯಾವುದು ಕಮ್ಮಿ ಅಂತ ಕೂಡಿಸಿ, ಕಾಯಿಲೆಯವರನ್ನ ಎರಡು ಗುಂಪು ಮಾಡ್ತಾರಂತೆ. ಸ್ಕ್ರೀನಿನ ಮೇಲೆ ಎರಡು ಗೆರೆ ತೋರಿಸಿದಳು. ಎರಡೂ ಮೆಟ್ಟಿಲು ಮೆಟ್ಟಿಲಾಗಿ ಇಳೀತಿದ್ವು, ಮೇಲಿನದು ನಿಧಾನಕ್ಕೆ, ಕೆಳಗಿನದು ದಡದಡ ಅಂತ. ನಿಮ್ಮ ಅಂಕ ಕೆಳಗಿನ ಗೆರೆಗೆ ಸೇರಿದ್ದು ಅಂದಳು. "ಈ ಗುಂಪಿನಲ್ಲಿ ಅರ್ಧದಷ್ಟು ಜನ ಎರಡು ವರ್ಷ ದಾಟಿಲ್ಲ, ಆದರೆ..." ಅಂತ ಅವಳು ಇನ್ನೂ ಹೇಳ್ತಾ ಇದ್ದಳು. ನೀವು ಎದ್ದು ನಿಂತು "ಸರಿ ತಾಯಿ, ಎರಡು ವರ್ಷ" ಅಂದು ಕೈ ಮುಗಿದು ಹೊರಟೇಬಿಟ್ರಿ. ಆ "ಆದರೆ" ಆದಮೇಲೆ ಏನಿತ್ತು ಅಂತ ಕೇಳೋ ವ್ಯವಧಾನ ನಿಮಗಿರಲಿಲ್ಲ. ನಾನೂ ನಿಮ್ಮ ಹಿಂದೆ ಬಾಯಿ ಮುಚ್ಕೊಂಡು ಬಂದೆ.

ಬೇರೆ ಯಾರಾದ್ರೂ ಆಗಿದ್ರೆ ಅತ್ತು ಕರೆದು, ಆಮೇಲೆ ಮರೆತು ಬದುಕ್ತಿದ್ರು. ನೀವು ಹುಟ್ಟಾ ಮೆಡಿಕಲ್ ಶಾಪಿನವರು. ಸ್ಟ್ರಿಪ್ ಕೈಗೆ ಬಂದ್ರೆ ಮೊದಲು ಹೆಸರು ನೋಡಲ್ಲ, ತಿರುಗಿಸಿ ತಾರೀಖು ನೋಡ್ತೀರಿ. ತಾರೀಖು ಹತ್ತಿರ ಬಂದ ಮಾಲೆಲ್ಲಾ ಕೌಂಟರ್ ಪಕ್ಕದ ಕೆಂಪು ಬುಟ್ಟಿಗೆ, ಬುಟ್ಟಿ ತುಂಬಿದ್ರೆ ಏಜೆಂಟನಿಗೆ ವಾಪಸ್. ಎಷ್ಟು ಸಲ ಹೇಳಿದ್ದೀನಿ, ನನ್ನ ಸೊಂಟಕ್ಕೆ ಹಚ್ಚೋ ಮುಲಾಮು ಮೂವತ್ತನೇ ತಾರೀಖು ಅಮೃತವಾಗಿದ್ದು ಒಂದನೇ ತಾರೀಖು ವಿಷ ಆಗಿಬಿಡುತ್ತಾ ಅಂತ. ಕೇಳ್ತಿದ್ರಾ? ನಾನು ಸೊಂಟ ಹಿಡ್ಕೊಂಡು ನರಳ್ತಿದ್ರೂ ಕಣ್ಣೆದುರಿಗೇ ಎಸೆದ್ರಿ. ಅದೇ ಬುದ್ಧೀನ ನಿಮ್ಮ ಮೇಲೂ ತೋರಿಸಿಬಿಟ್ರಿ. ಎರಡು ವರ್ಷ ಅಂದ್ರೆ ಎರಡು ವರ್ಷ, ಹಿಂದೆ ಇಲ್ಲ ಮುಂದೆ ಇಲ್ಲ. ಮಧ್ಯೆ ಮಧ್ಯೆ ತಪಾಸಣೆಗೆ ಹೋದ್ರಿ, ಎಲ್ಲಾ ಸರಿಯಾಗಿದೆ ಅಂತ ಪ್ರತಿ ಸಲ ಹೇಳಿದ್ರು, ನೀವು ಮಾತ್ರ "ಅದೆಲ್ಲಾ ಶಾಸ್ತ್ರಕ್ಕೆ, ಪ್ರೋಟೀನ್ ಆಗಲೇ ಹೇಳಿಯಾಯ್ತಲ್ಲ" ಅಂತ ತಲೆ ಆಡಿಸಿದ್ರಿ. ಕೊನೇ ಆರು ತಿಂಗಳು ಶುರುವಾಗಿದ್ದೇ ತಡ, ನಿಮ್ಮನ್ನ ನೀವೇ ಬುಟ್ಟಿಗೆ ಹಾಕ್ಕೊಂಡ್ರಿ. ನಿಮ್ಮ ಜೊತೆ ನಮ್ಮನ್ನೂ.

ಮೊದಲು ಅಂಗಡಿ. ಯಾರಿಗೆ ಕೊಟ್ರಿ? ಸ್ಯಾಂಪಲ್‌ಗೆ! ಡಾಕ್ಟರುಗಳಿಗೆ ಪುಕ್ಕಟೆ ಬಂದ ಮಾತ್ರೆ ಮಾರ್ತಾನೆ ಅಂತ ಆ ಎದುರಂಗಡಿಯವನಿಗೆ ಆ ಹೆಸರಿಟ್ಟೋರು ನೀವೇ. ಅವನ ನೆರಳು ನಮ್ಮ ಮೆಟ್ಟಿಲ ಮೇಲೆ ಬಿದ್ರೆ ಮುಖ ಸಿಂಡರಿಸ್ತಿದ್ರಿ. ಅಂಥವನನ್ನ ಕರೆದು "ಹೋಗೋ ಕಾಲಕ್ಕೆ ದ್ವೇಷ ಯಾಕೆ" ಅಂತ ತಬ್ಬಿಕೊಂಡು ಬೀಗದ ಕೈ ಕೊಟ್ರಿ. ಈಗ ಅವನು ನಿಮ್ಮ ಕುರ್ಚೀಲಿ ಕೂತು, ನಾನು ತರಕಾರಿ ಚೀಲ ಹಿಡ್ಕೊಂಡು ಇಳಿದ್ರೆ ಸಾಕು, "ಏನು ಅಕ್ಕಾ, ಭಾವ ಇನ್ನೂ ಹುಷಾರಾಗಿದ್ದಾರಾ" ಅಂತಾನೆ. ಆ "ಇನ್ನೂ" ಕೇಳಿದ್ರೆ ನನ್ನ ಮೈಯೆಲ್ಲಾ ಉರಿಯುತ್ತೆ. ಆಮೇಲೆ ಅಂಗಿಗಳು. ಮೂರು ಸಾಕು ಅಂತ ಉಳಿಸ್ಕೊಂಡು ಮಿಕ್ಕಿದ್ದೆಲ್ಲಾ ಹಂಚಿದ್ರಿ. ಮೂಲೆಮನೆ ಪ್ಲಂಬರ್ ನಿಮ್ಮ ನೀಲಿ ಚೌಕಳಿ ಅಂಗಿ ಹಾಕ್ಕೊಂಡು ಓಡಾಡ್ತಾನೆ. ನಿನ್ನೆ ಹಿಂದಿನಿಂದ ನೋಡಿ "ರೀ" ಅಂತ ಕೂಗಿಯೇಬಿಟ್ಟೆ. ಅವನು ತಿರುಗಿ ನೋಡಿದ, ನಾನು ನಲ್ಲಿ ಸೋರ್ತಿದೆ ಅಂತ ಸುಳ್ಳು ಹೇಳಿದೆ. ಅವನು ಬಂದು ಚೆನ್ನಾಗಿದ್ದ ನಲ್ಲೀನ ಬಿಚ್ಚಿ ಹಾಕಿ ಹೋದ, ಈಗ ನಿಜವಾಗಲೂ ಸೋರ್ತಿದೆ.

ಮಗಳ ವಿಷಯ ನಾನು ಎತ್ತಬಾರದು ಅಂತ ಅವಳೇ ಹೇಳಿದ್ದಾಳೆ. ಎತ್ತುತ್ತೀನಿ. ದೊಡ್ಡ ಲೈಬ್ರರಿಯಲ್ಲಿ ಕೆಲಸ ಬಂದಿತ್ತು ಅವಳಿಗೆ, ಹಳೇ ಪುಸ್ತಕಗಳನ್ನ ರಿಪೇರಿ ಮಾಡೋ ವಿಭಾಗ, ಅವಳು ಕನಸು ಕಂಡಿದ್ದೇ ಅದು. ನೀವು ಕೈ ಹಿಡ್ಕೊಂಡು "ಸ್ವಲ್ಪ ದಿನ ತಾನೇ ಪುಟ್ಟಿ, ಅಪ್ಪನ ಹತ್ರ ಇರು" ಅಂದ್ರಿ. ಇದ್ದಳು. ಆ ಜಾಗಕ್ಕೆ ಬೇರೆಯವರು ಬಂದ್ರು. ಈಗ ಇಲ್ಲೇ ಶಾಲೆ ಲೈಬ್ರರಿಯಲ್ಲಿ ಮಕ್ಕಳು ಹರಿದ ಪುಸ್ತಕಕ್ಕೆ ಟೇಪು ಅಂಟಿಸ್ತಾ ಕೂತಿದ್ದಾಳೆ. ನಿಮ್ಮ ಮೇಲೆ ಒಂದು ಮಾತೂ ಆಡಲ್ಲ. ಅಪ್ಪ ಬದುಕಿದ್ರಲ್ಲ ಅಷ್ಟು ಸಾಕು ಅಂತಾಳೆ. ಅವಳು ಅಷ್ಟು ಒಳ್ಳೆಯವಳಾಗಿರೋದು ನೋಡಿದ್ರೆ ನನಗೆ ಇನ್ನೂ ಸಿಟ್ಟು ಬರುತ್ತೆ.

ಇಷ್ಟೆಲ್ಲಾ ನುಂಗಿಕೊಳ್ತಿದ್ದೆ ರೀ, ದೇವರಾಣೆ ನುಂಗಿಕೊಳ್ತಿದ್ದೆ. ನುಂಗೋಕೆ ಆಗದೆ ಇರೋದು ಒಂದೇ ಒಂದು. ಯಾವುದು ಅಂತ ನಿಮಗೂ ಗೊತ್ತು. ಆ ಮಧ್ಯಾಹ್ನ ನಾನು ಅಡುಗೆಮನೆ ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೀತಿದ್ದೆ. ನೀವು ಬಂದು ಮಣೆ ಎಳ್ಕೊಂಡು ಎದುರಿಗೆ ಕೂತ್ರಿ. ಯಾವತ್ತೂ ಕೂರದೋರು ಕೂತ್ರಲ್ಲ ಅಂತ ನನಗೆ ಸಂತೋಷವೇ ಆಯ್ತು, ಒಂದು ಹಿಡಿ ಕಾಯಿ ನಿಮ್ಮ ಮುಂದಕ್ಕೂ ತಳ್ಳಿದೆ. ಆಗ ಶುರು ಮಾಡಿದ್ರಿ. ಮನಸ್ಸು ಹಗುರ ಮಾಡ್ಕೊಂಡು ಹೋಗ್ಬೇಕು ಅಂತ. ಅಪ್ಪನ ಮಾತು ಮೀರೋಕಾಗದೆ ನನ್ನ ಕಟ್ಕೊಂಡಿದ್ದಂತೆ. ಹೋಲ್‌ಸೇಲ್ ಆಫೀಸಿನಲ್ಲಿ ಟೈಪಿಸ್ಟ್ ಒಬ್ಬಳಿದ್ದಳಂತೆ. ಮದುವೆಯಾಗಿ ಎಷ್ಟೋ ವರ್ಷ ಅವಳೇ ಮನಸ್ಸಲ್ಲಿದ್ದಳಂತೆ. ರಾತ್ರಿ ಅಂಗಡಿ ಷಟರ್ ಎಳೆದು ಬೀಗ ಹಾಕಿ, ಮೇಲೆ ಬರೋಕೆ ಮನಸ್ಸಾಗದೆ, ಮೆಟ್ಟಿಲ ಕೆಳಗೆ ಸುಮ್ನೆ ನಿಂತಿರ್ತಿದ್ರಂತೆ.

ಅಯ್ಯೋ, ಆ ಕೊನೇ ಮಾತು ಯಾಕೆ ಹೇಳಿದ್ರಿ? ಟೈಪಿಸ್ಟ್ ಹಾಳಾಗಿ ಹೋಗಲಿ. ಯಾರಿಗೆ ಯಾರೋ ಇದ್ದೇ ಇರ್ತಾರೆ, ನಾನೂ ಆ ವಯಸ್ಸು ದಾಟಿಯೇ ಬಂದೋಳು. ಆದರೆ ಆ ಷಟರ್! ಹೊಸದಾಗಿ ಬಂದಾಗ, ಕೆಳಗೆ ಷಟರ್ ಬಿದ್ದ ಸದ್ದು ಕೇಳಿದ ತಕ್ಷಣ ನಾನು ಸಾರು ಬಿಸಿಗಿಡ್ತಿದ್ದೆ. ಸದ್ದಾದ್ಮೇಲೆ ಸ್ವಲ್ಪ ಹೊತ್ತು ನೀವು ಬರ್ತಿರಲಿಲ್ಲ. ಬೀಗ ಎಳೆದು ಎಳೆದು ನೋಡ್ತಾರೆ, ಎಷ್ಟು ಜವಾಬ್ದಾರಿ ಮನುಷ್ಯ ಅಂತ ನಮ್ಮಮ್ಮನ ಹತ್ರ ಹೇಳ್ಕೊಂಡಿದ್ದೆ. ಹೆಮ್ಮೆಯಿಂದ ಹೇಳ್ಕೊಂಡಿದ್ದೆ ರೀ! ಆ ಸ್ವಲ್ಪ ಹೊತ್ತು ನನ್ನ ಮುಖ ನೋಡೋಕೆ ಬೇಡವಾಗಿ ನಿಂತ ಹೊತ್ತು ಅಂತ ಈ ವಯಸ್ಸಲ್ಲಿ, ಹುರುಳಿಕಾಯಿ ಮುಂದೆ ಕೂತು ನಾನು ಕೇಳಬೇಕಿತ್ತಾ? ನೀವು ಹೇಳಿ, ಕಣ್ಣೊರೆಸ್ಕೊಂಡು, "ಈಗ ಹಗುರ ಆಯ್ತು" ಅಂದು ಹೋಗಿ ಗಡದ್ದಾಗಿ ನಿದ್ದೆ ಹೊಡೆದ್ರಿ. ನಿಮ್ಮ ಭಾರ ನನ್ನ ತಲೆ ಮೇಲೆ ಬಂತು. ಆ ಸಂಜೆ ನಾನು ನಿಮ್ಮ ಕಾಲ ಹತ್ರ ಕೂತು "ಆಯ್ತು ಬಿಡಿ, ನಾನು ಏನೂ ಮನಸ್ಸಲ್ಲಿ ಇಟ್ಕೊಳ್ಳಲ್ಲ" ಅಂದೆ. ಯಾಕೆ ಅಂದೆ? ಸಾಯೋ ಮನುಷ್ಯ ಅಂತ. ಅದೊಂದೇ ಕಾರಣ, ಬೇರೆ ಇಲ್ಲ.

ಆಮೇಲೆ ಏನಾಯ್ತು? ನೀವು ಸಾಯಲಿಲ್ಲ. ಎರಡು ವರ್ಷ ತುಂಬಿದ ದಿನ ಬೆಳಗ್ಗೆ ಸ್ನಾನ ಮಾಡಿ, ಇದ್ದ ಮೂರರಲ್ಲಿ ಒಳ್ಳೇ ಅಂಗಿ ಹಾಕ್ಕೊಂಡು, ಹಾಲ್‌ನಲ್ಲಿ ಬೆತ್ತದ ಕುರ್ಚಿ ಮೇಲೆ ಕೂತ್ರಿ. ನಿಮ್ಮಕ್ಕ ಬಂದು ಪಕ್ಕದಲ್ಲಿ ಮೂಗು ಒರೆಸ್ಕೊಳ್ತಾ ಕೂತ್ರು. ಮಗಳು ರಜಾ ಹಾಕಿದ್ದಳು. ಸಂಜೆ ತನಕ ಮನೆಯೊಳಗೆ ಯಾರೂ ಜೋರಾಗಿ ಸೀನಲಿಲ್ಲ. ಮಾರನೇ ಬೆಳಗ್ಗೆ ಎದ್ದು, ತಪ್ಪು ಮಾಡಿ ಸಿಕ್ಕಿಬಿದ್ದೋರ ಥರ ಅಡುಗೆಮನೆಗೆ ಬಂದು "ಕಾಫಿ ಇದೆಯಾ" ಅಂದ್ರಿ. ನನಗೆ ಮೊದಲು ನಗು ಬಂತು. ಆ ವಾರವೆಲ್ಲಾ ನಾನು ಕುಣಿದಾಡಿಬಿಟ್ಟೆ, ಅದನ್ನ ನೀವು ನೋಡಿದ್ದೀರಿ. ಆದರೆ ವಾರ ಕಳೆದು ತಿಂಗಳಾಗ್ತಿದ್ದ ಹಾಗೆ, ನೀವು ಸೋಫಾ ಮೇಲೆ ಕೂತಿರೋದು ನೋಡಿದಾಗೆಲ್ಲಾ ನನಗೆ ಷಟರ್ ಸದ್ದು ಕೇಳಿಸೋಕೆ ಶುರುವಾಯ್ತು. ನಿಮಗೂ ನನ್ನ ಮುಖ ನೋಡೋಕೆ ಆಗ್ತಿರಲಿಲ್ಲ. ಸತ್ತು ತಪ್ಪಿಸ್ಕೊಳ್ಳಬಹುದು ಅಂದ್ಕೊಂಡು ಆಡಿದ ಮಾತಿನ ಜೊತೆ ಬದುಕೋದು ಕಷ್ಟ ಅಲ್ವಾ? ಅದಕ್ಕೇ ನೀವು ನಿಮ್ಮಕ್ಕನ ಮನೇಲಿ ಕೂತಿರೋದು. ರಿಪೋರ್ಟಿನ ಹೆದರಿಕೆ ಅರ್ಧ, ನನ್ನ ಹೆದರಿಕೆ ಅರ್ಧ. ನಿಮ್ಮಕ್ಕ ಹೇಳೋ ಪ್ರಕಾರ ಹವಾ ಬದಲಾವಣೆಯಂತೆ, ಮಣ್ಣಂಗಟ್ಟಿ.

ಅದಕ್ಕೇ ಇಲ್ಲಿ ಸ್ಪಷ್ಟವಾಗಿ ಬರೀತಿದ್ದೀನಿ. ಆವತ್ತು ಸಂಜೆ ಕೊಟ್ಟ ಕ್ಷಮೆ ವಾಪಸ್. ಅದು ಸಾಯೋ ಗಂಡನಿಗೆ ಕೊಟ್ಟಿದ್ದು, ಬದುಕಿರೋ ಗಂಡನಿಗೆ ಅದರ ಮೇಲೆ ಹಕ್ಕಿಲ್ಲ.

ಇನ್ನೊಂದು ಗೊತ್ತಾ? ನೀವು ಬೆಂಚಿನ ಮೇಲೆ ಬಿಟ್ಟು ಹೋದ ದಿನ ನಾನು ಸುಮ್ಮನೆ ಮನೆಗೆ ಬರಲಿಲ್ಲ. ಆ ಚಿಕ್ಕ ಡಾಕ್ಟರಮ್ಮನ ಕೋಣೆಗೆ ನುಗ್ಗಿದೆ. ನಮ್ಮ ಸಂಸಾರ ಹಾಳು ಮಾಡಿದೋಳು ನೀನೇ ಅಂತ ಬೈಯೋಕೇ ಹೋಗಿದ್ದೆ, ಬೈದೆ ಕೂಡ. ಪಾಪ, ಕೂತು ಕೇಳಿಸ್ಕೊಂಡಳು. ಆಮೇಲೆ ಅದೇ ಗೆರೆಗಳನ್ನ ತೆಗೆದು ತೋರಿಸಿದಳು. ಒಂದೊಂದು ಮೆಟ್ಟಿಲೂ ಒಬ್ಬೊಬ್ಬ ಮನುಷ್ಯ ಹೋಗಿದ್ದಂತೆ. ನಾನು ಆವತ್ತು ಅದನ್ನ ಬರೀ ಗೆರೆ ಅಂದ್ಕೊಂಡಿದ್ದೆ. ಕೆಳಗಿನ ಗೆರೆಯೂ ನೆಲ ಮುಟ್ಟಲ್ಲ ರೀ! ಎರಡು ವರ್ಷದ ಹತ್ರ ಅರ್ಧಕ್ಕೆ ಬಂದು, ಆಮೇಲೆ ಮೆಲ್ಲಗೆ ಉದ್ದಕ್ಕೆ ಹೋಗ್ತಾ ಇರುತ್ತೆ. ಅದರ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಗೀಟು. ಅವರು ಯಾರು ಅಂದೆ. ಕಡೇ ಸಲ ನೋಡಿದಾಗ ಬದುಕಿದ್ದೋರು ಅಂದಳು. "ಪ್ರೋಟೀನ್ ನೋಡಿ ಗುಂಪಿನ ಬಗ್ಗೆ ಹೇಳಬಹುದು ಅಮ್ಮಾ, ಯಾರು ಯಾವತ್ತು ಅಂತ ಹೇಳೋಕಾಗಲ್ಲ. ಅದನ್ನೇ ಹೇಳೋಕೆ ಹೊರಟಿದ್ದೆ, ಅವರು ಎದ್ದು ಹೋದ್ರು" ಅಂದಳು. ನನಗೆ ಅವಳ ಮೇಲಿನ ಸಿಟ್ಟು ಅಲ್ಲೇ ಇಳೀತು, ಅಷ್ಟೂ ನಿಮ್ಮ ಲೆಕ್ಕಕ್ಕೆ ಸೇರ್ತು.

ತಪಾಸಣೆಗೆ ಬರದೇ ಇರೋರನ್ನ ಏನು ಮಾಡ್ತೀರಿ ಅಂತ ಕೇಳಿದೆ. ಅವರನ್ನ ಸತ್ತವರ ಜೊತೆಗೂ ಸೇರಿಸೋಕೆ ಬರಲ್ವಂತೆ, ಇನ್ನೂ ಬದುಕಿದ್ದಾರೆ ಅಂತಲೂ ಹೇಳೋಕೆ ಬರಲ್ವಂತೆ. ಸಂಪರ್ಕಕ್ಕೆ ಸಿಕ್ಕಿಲ್ಲ ಅಂತ ಬರೆದು ಬಿಟ್ಟುಬಿಡ್ತಾರಂತೆ. ನಮ್ಮನೇಲೂ ನಿಮ್ಮದು ಇದೇ ಕಥೆ ಅಂತ ನಾನು ಅಂದಿದ್ದಕ್ಕೆ ಆ ಹುಡುಗಿ ನಕ್ಕುಬಿಟ್ಟಳು. ಆಮೇಲೆ ನಗಬಾರದಿತ್ತು ಅಂತ ಕ್ಷಮೆ ಕೇಳಿದಳು. ನಿಮಗಿಂತ ವಾಸಿ, ನಕ್ಕಿದ್ದಕ್ಕೇ ಕ್ಷಮೆ ಕೇಳೋ ಮಗು.

ಹಾಗಾಗಿ ವಾಪಸ್ ಬರಬೇಕು ನೀವು. ನನ್ನ ಮೇಲಿನ ಪ್ರೀತಿಗೆ ಬನ್ನಿ ಅಂತ ಕರೀತಿಲ್ಲ, ಅದು ಎಷ್ಟಿದೆ ಅಂತ ನೀವೇ ಬಾಯಾರೆ ಹೇಳಿದ್ದೀರಿ. ಬಂದು ಆಸ್ಪತ್ರೆಗೆ ಹೋಗಬೇಕು, ಅವರು ಹೇಳಿದ್ದು ಮಾಡಿಸ್ಕೋಬೇಕು. ಮನೇಲಿ ನನ್ನ ಎದುರಿಗೆ ಕೂತು, ನಾನು ಮೂವತ್ತು ವರ್ಷದ್ದು ಮಾತಾಡೋದನ್ನ ಎದ್ದು ಹೋಗದೆ ಕೇಳಬೇಕು. ನನಗೂ ಹೇಳೋದಿದೆ. ನಿಮ್ಮ ಅಪ್ಪನ ಮಾತಿಗೆ ನೀವು ಬಗ್ಗಿದ್ರಿ, ಸರಿ, ನನ್ನನ್ನ ಯಾರಾದ್ರೂ ಕೇಳಿದ್ರಾ? ಮದುವೆ ದಿನ ನಿಮ್ಮ ಮೊರದಂಥ ಕಿವಿ ನೋಡಿ ನಾನು ಅಮ್ಮನ ಸೆರಗು ಹಿಡ್ಕೊಂಡು ಅತ್ತಿದ್ದೆ, ಇಂಥ ಕಿವಿಯವನ ಜೊತೆ ಹೇಗೆ ಬಾಳೋದು ಅಂತ. ಯಾವತ್ತಾದ್ರೂ ಹೇಳಿದ್ನಾ? ನನಗೆ ಬಾಯಿಗೆ ಬೀಗ ಹಾಕ್ಕೊಳ್ಳೋದು ಗೊತ್ತಿತ್ತು. ಆಮೇಲೆ ಆ ಕಿವಿ ಅಭ್ಯಾಸ ಆಯ್ತು. ಆಮೇಲೆ ಅಂಗಡಿ ಜನಜಂಗುಳೀಲಿ ದೂರದಿಂದ ಆ ಕಿವಿ ಕಂಡ್ರೇ ಸಮಾಧಾನ ಆಗೋಕೆ ಶುರುವಾಯ್ತು. ಇದನ್ನೆಲ್ಲಾ ಹೊಗಳಿಕೆ ಅಂದ್ಕೋಬೇಡಿ, ಬೈಯ್ತಾ ಇದ್ದೀನಿ.

ಮೆಟ್ಟಿಲ ಕೆಳಗೆ ನಿಲ್ಲೋದು ಯಾವಾಗ ನಿಲ್ಲಿಸಿದ್ರಿ ಅಂತ ಒಂದು ಮಾತು ಹೇಳಿಬಿಡಿ. ಎಷ್ಟೋ ವರ್ಷ ಅಂದ್ರಿ, ಅಲ್ಲಿಗೇ ನಿಲ್ಲಿಸಿದ್ರಿ. ಆಮೇಲೆ ಏನಾಯ್ತು? ಅವಳು ಮರೆತುಹೋದಳಾ, ನಾನು ಒಗ್ಗಿಹೋದೆನಾ, ಇಲ್ಲಾ ಕಾಲು ನೋವು ಬಂತಾ? ನೆನಪು ಮಾಡ್ಕೊಂಡು ನೋಡ್ತೀನಿ. ಪುಟ್ಟಿಗೆ ಟೈಫಾಯಿಡ್ ಬಂದ ವರ್ಷ ನೀವು ಷಟರ್ ಬಿದ್ದ ತಕ್ಷಣ ಎರಡೆರಡು ಮೆಟ್ಟಿಲು ಹಾರಿ ಬರ್ತಿದ್ರಿ. ಆಮೇಲೆ ಅದೇ ರೂಢಿಯಾಯ್ತು ಅನ್ಸುತ್ತೆ. ಇಲ್ಲಾ ನನಗೆ ಹಾಗೆ ಅನ್ನಿಸ್ತಿದೆಯೋ ಏನೋ. ಹೇಳಬೇಕಿದ್ರೆ ಪೂರ್ತಿ ಹೇಳಬೇಕಿತ್ತು. ನೀವು ಕೇಳೋದೂ ಅರ್ಧ, ಹೇಳೋದೂ ಅರ್ಧ.

ಕೈ ನೋಯ್ತಿದೆ, ಸಿಟ್ಟು ಮಾತ್ರ ಇಳಿದಿಲ್ಲ. ನಲ್ಲಿ ಕೆಳಗೆ ಇಟ್ಟ ಬಕೆಟ್ಟೂ ತುಂಬಿರಬೇಕು. ಈ ಕಾಗದಾನ ಸಂಜೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತಿದ್ದೀನಿ. ನಿಮ್ಮಕ್ಕನಿಗೆ ನಮಸ್ಕಾರ ಹೇಳಿ, ಮರೆತ್ರೂ ಬೇಜಾರಿಲ್ಲ. ಅವರು ಕೊಡೋ ಎಣ್ಣೇಲಿ ಕರಿದಿದ್ದು ಮುಟ್ಟಬೇಡಿ. ಪುಟ್ಟಿ ಅಪ್ಪನಿಗೆ ನೆನಪು ಹೇಳು ಅಂದಿದ್ದಾಳೆ. ಅವಳ ಕೆಲಸದ ವಿಷಯ ನಾನು ಏನೂ ಹೇಳಿಲ್ಲ ಅಂತ ತಿಳ್ಕೊಳ್ಳಿ.

ನಿಮ್ಮನ್ನ ಕಟ್ಕೊಂಡು ಅನುಭವಿಸ್ತಿರೋ,
ನಿಮ್ಮ ಹೆಂಡತಿ

ಇನ್ನೊಂದು ಮಾತು. ಮರೆತದ್ದಲ್ಲ ಇದು, ಬೇಕೂಂತಲೇ ಕೊನೇಗೆ ಇಟ್ಕೊಂಡಿದ್ದು. ಮೇಲೆ ಬರೆದಿದ್ರೆ ನೀವು ಮುಂದೆ ಓದ್ತಿರಲಿಲ್ಲ, ನನಗೂ ಇಷ್ಟು ಬೈಯೋಕೆ ಬಾಯಿ ಬರ್ತಿರಲಿಲ್ಲ. ರಕ್ತದ ರಿಪೋರ್ಟ್ ಶನಿವಾರ ಬಂತು. ಲಿವರ್ ಗಡ್ಡೆ ಇದ್ದಾಗ ಏರಿತ್ತಲ್ಲ ಆ ಪ್ರೋಟೀನ್, ಅದು ಮತ್ತೆ ಏರಿದೆಯಂತೆ. ಎಷ್ಟು ಅಂತ ಬರೆಯಲ್ಲ, ಬರೆದ್ರೆ ನೀವು ಅಲ್ಲೇ ಕೂತು ತಾರೀಖು ಗುಣಿಸೋಕೆ ಶುರು ಮಾಡ್ತೀರಿ. ನಿಮ್ಮಕ್ಕನಿಗೂ ಹೇಳಿಲ್ಲ, ನೀವು ಅಲ್ಲಿಂದಲೂ ಓಡಿದ್ರೆ ನಾನು ಎಲ್ಲಿ ಅಂತ ಹುಡುಕಲಿ. ಗಡ್ಡೆ ಮತ್ತೆ ಬಂದಿದ್ರೂ, ಚಿಕ್ಕದೇ ಆಗಿದ್ರೆ ಸೂಜಿ ಹಾಕಿ ಸುಡೋಕಾಗುತ್ತಂತೆ, ತಡ ಮಾಡಬಾರದಂತೆ. ಡಾಕ್ಟರಮ್ಮ ಮತ್ತೆ ಗುಂಪು, ಗೆರೆ ಅಂತ ಏನೋ ಹೇಳೋಕೆ ಬಂದಳು, ನಾನೇ ತಡೆದೆ. ಎಷ್ಟು ದಿನ ಅನ್ನೋದು ಬೇಡ, ಯಾವತ್ತು ಕರ್ಕೊಂಡು ಬರಲಿ ಅಷ್ಟು ಹೇಳು ಅಂದೆ. ಗುರುವಾರ ಬೆಳಗ್ಗೆ ಸ್ಕ್ಯಾನ್. ಬುಧವಾರ ಸಂಜೆ ಬಸ್ಸಿಗೆ ಬನ್ನಿ, ಸ್ಟ್ಯಾಂಡಲ್ಲಿ ಇರ್ತೀನಿ. ಬೆಳಗ್ಗೆ ಖಾಲಿ ಹೊಟ್ಟೇಲಿ ಹೋಗಬೇಕು. ಈ ಸಲ ನನಗೆ ಏನೂ ಹೇಳ್ಕೊಂಡು ಹಗುರ ಆಗಬೇಡಿ, ನಾನೂ ಏನೂ ಕ್ಷಮಿಸಲ್ಲ. ನಂಗೆ ತುಂಬಾ ಹೆದರಿಕೆ ಆಗ್ತಿದೆ ರೀ, ಬಂದುಬಿಡಿ.